ಓದುಗರು ಕೇಳಿದ್ದು: ಸಂಸದರ ನಡತೆ, ಸಂಸದರ ಸಮಿತಿ

ಪ್ರಶ್ನೆ: ಲೋಕಸಭಾ ಸದಸ್ಯರೊಬ್ಬರ ನಡತೆ ಬಗ್ಗೆ ದೂರು ಕೊಡೋದೈತಿ. ಪೇಪರ್ ಕಟಿಂಗ್ ಹಚ್ಚಿ ನೈತಿಕ ಸಮಿತಿಗೆ ಸ್ಪೀಡ್ ಪೋಸ್ಟ್ ಮಾಡಿದ್ರ ಸಾಕೇನ್ರಿ?
– ಓದುಗರು, ಹಾನಗಲ್

ಉತ್ತರ: ಸಾಲದು. ದೂರು ಬರೆಯಬೇಕಾದದ್ದು ಸ್ಪೀಕರ್ ಹೆಸರಿಗೆ. ನೀವು ಸದಸ್ಯರಲ್ಲದ ಕಾರಣ ಅದು ಲೋಕಸಭಾ ಸದಸ್ಯರೊಬ್ಬರ ಮೂಲಕವೇ ಹೋಗಬೇಕು. ಹೆಚ್ಚಿನ ದೂರುಗಳು ಎಡವುವುದು ಇಲ್ಲೇ. ಹಾನಗಲ್ಲಿನವರು ಹಾವೇರಿ ಕ್ಷೇತ್ರದ ಸಂಸದರನ್ನೇ ಹಿಡಿಯಬೇಕೆಂದಿಲ್ಲ, ದೇಶದ ಯಾವ ಕ್ಷೇತ್ರದವರಾದರೂ ನಡೆದೀತು. ವಿರೋಧ ಪಕ್ಷದವರು ಬೇಗ ಒಪ್ಪುತ್ತಾರೆ ಎಂಬುದು ಬೇರೆ ಮಾತು.

ಹೆಸರಿಲ್ಲದ ಅರ್ಜಿಗೆ ಬೆಲೆಯಿಲ್ಲ. ದೂರು ಸುಳ್ಳಲ್ಲ, ಹುರುಳಿಲ್ಲದ್ದಲ್ಲ, ಕಾಡಿಸಲು ಕೊಟ್ಟದ್ದಲ್ಲ ಎಂದು ಅಫಿಡವಿಟ್ ಲಗತ್ತಿಸಿ. ದಾಖಲೆಯ ಪ್ರತಿಗಳನ್ನೂ ಇಡಿ. ಬರೀ ಕಟಿಂಗ್ ಹಚ್ಚಿದರೆ ಪುರಾವೆಯಿಲ್ಲದ ಸುದ್ದಿ ಎಂದು ಪಕ್ಕಕ್ಕೆ ಸರಿಯುತ್ತದೆ. ಕೋರ್ಟಿನಲ್ಲಿರುವ ವಿಷಯವನ್ನೂ ಎತ್ತಿಕೊಳ್ಳುವುದಿಲ್ಲ. ಬೈಗುಳ ಬೇಡ. ಯಾವ ದಿನ, ಏನು ನಡೆಯಿತು, ಅದಕ್ಕೆ ಯಾವ ಕಾಗದ ಸಾಕ್ಷಿ ಎಂದಷ್ಟೇ ಬರೆಯಿರಿ.

ಸ್ಪೀಕರ್ ಒಪ್ಪಿಸಿದರೆ 15 ಸದಸ್ಯರ ಸಮಿತಿ ಮೊದಲು ಪ್ರಾಥಮಿಕ ವಿಚಾರಣೆ ಮಾಡುತ್ತದೆ. ಮೇಲ್ನೋಟಕ್ಕೇ ಹುರುಳಿಲ್ಲ ಎನಿಸಿದರೆ ಅಲ್ಲಿಗೇ ಮುಗಿಯಬಹುದು. ಸಮಿತಿ ಯಾರನ್ನೂ ಉಚ್ಚಾಟಿಸುವುದಿಲ್ಲ, ಶಿಫಾರಸು ಮಾಡುತ್ತದೆ. ತೀರ್ಮಾನ ಸದನದ್ದು. 2023ರ ಡಿಸೆಂಬರ್ 8ರಂದು ತೃಣಮೂಲ ಕಾಂಗ್ರೆಸ್‌ನ ಮಹುವಾ ಮೊಯಿತ್ರಾ ಅವರ ಸದಸ್ಯತ್ವ ಹೋದದ್ದು ಹೀಗೆ, ಸಮಿತಿಯ ವರದಿಯ ಮೇಲೆ ಸದನ ನಿರ್ಣಯ ಅಂಗೀಕರಿಸಿದಾಗ.

ದೂರು ರಾಜ್ಯಸಭಾ ಸದಸ್ಯರ ಮೇಲಿದ್ದರೆ ದಾರಿ ಹಗುರ. ಅಲ್ಲಿ ನಡುವೆ ಸಂಸದರು ಬೇಕಿಲ್ಲ, ಯಾರು ಬೇಕಾದರೂ ನೇರ ಬರೆಯಬಹುದು. ತಕ್ಕ ಕಾರಣ ಕೊಟ್ಟು ಕೇಳಿಕೊಂಡರೆ ನಿಮ್ಮ ಹೆಸರನ್ನು ಗುಟ್ಟಾಗಿ ಇಡಲೂ ಅವಕಾಶವಿದೆ.

ಪ್ರಶ್ನೆ: ಮೆಣಸಿನಕಾಯಿ ಬೆಳೆಯುವ ಸಂಸದ ಕೃಷಿ ಸಮಿತಿಯಲ್ಲಿ, ಹತ್ತಿ ಜಿನ್ನಿಂಗ್ ಮಿಲ್ ಇರುವವರು ಜವಳಿ ಸಮಿತಿಯಲ್ಲಿ ಕೂಡಬಹುದೆ?
– ಓದುಗರು, ಬ್ಯಾಡಗಿ

ಉತ್ತರ: ಬೆಳೆಗಾರರಾಗಿ ಇರುವುದಕ್ಕೆ ಅಡ್ಡಿಯಿಲ್ಲ. ನಿಯಮ ತಡೆಯುವುದು ಆ ವ್ಯಕ್ತಿಗೇ ಪ್ರತ್ಯೇಕವಾಗಿ ಸೇರಿದ, ನೇರವಾದ ಸ್ವಂತ ಅಥವಾ ಹಣಕಾಸಿನ ಹಿತವನ್ನು. ಬ್ಯಾಡಗಿ ಪೇಟೆಗೆ ಚೀಲ ತರುವ ರೈತರೆಲ್ಲರಿಗೂ ಇರುವಂಥ ಹಿತ ಅದರಲ್ಲಿ ಬರುವುದಿಲ್ಲ. ಮಿಲ್ ಇದೆ ಎಂದ ಮಾತ್ರಕ್ಕೂ ತೊಡಕಿಲ್ಲ. ಆದರೆ ಅದೇ ಮಿಲ್ಲಿಗೆ ಸಿಕ್ಕ ಗುತ್ತಿಗೆಯನ್ನೇ ಸಮಿತಿ ಪರಿಶೀಲಿಸುತ್ತಿದ್ದರೆ ಮಾಲೀಕರು ಅಲ್ಲಿರುವುದು ತಪ್ಪು.

ಆಕ್ಷೇಪಿಸುವವರು ಹಿತ ಯಾವುದು, ಎಂಥದ್ದು ಎಂದು ಖಚಿತವಾಗಿ ಹೇಳಬೇಕು. ಸ್ಪೀಕರ್ ಆ ಸದಸ್ಯರ ವಿವರಣೆ ಪಡೆದು ತೀರ್ಮಾನಿಸುತ್ತಾರೆ, ಅದೇ ಅಂತಿಮ. ಅಲ್ಲಿಯವರೆಗೆ ಆ ಸದಸ್ಯರು ಸಮಿತಿಯಲ್ಲಿ ಮಾತಾಡಬಹುದು, ಮತ ಹಾಕುವಂತಿಲ್ಲ.

ಪ್ರಶ್ನೆ: ಧಾರವಾಡ ಸಂಸದರು ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ?
– ಓದುಗರು, ಕುಂದಗೋಳ

ಉತ್ತರ: ಇಲಾಖಾ ಸ್ಥಾಯಿ ಸಮಿತಿ (ಸಚಿವಾಲಯಗಳ ಕೆಲಸ ಪರಿಶೀಲಿಸುವ ಸಂಸದರ ಸಮಿತಿ) ಯಾವುದರಲ್ಲೂ ಇಲ್ಲ. ಪ್ರಲ್ಹಾದ ಜೋಶಿ ಅವರು ಕೇಂದ್ರ ಸಚಿವರು, ಸಚಿವರನ್ನು ಈ 24 ಸಮಿತಿಗಳಿಗೆ ನೇಮಿಸುವಂತಿಲ್ಲ. ಸರ್ಕಾರವನ್ನು ಪ್ರಶ್ನಿಸುವ ಕಡೆ ಸರ್ಕಾರದವರೇ ಕೂತರೆ ಹೇಗೆ?

ಪ್ರಶ್ನೆ: ಗದಗ ಸ್ಟೇಷನ್ನಿನ ಕುಂದುಕೊರತೆಯನ್ನು ರೈಲ್ವೆ ಸ್ಥಾಯಿ ಸಮಿತಿಗೆ ಬರೆದರೆ ನಡೆದೀತೆ?
– ಓದುಗರು, ಗದಗ

ಉತ್ತರ: ನಡೆಯದು. ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರ ಈ ಸಮಿತಿ ದಿನನಿತ್ಯದ ಆಡಳಿತಕ್ಕೆ ಕೈಹಾಕುವುದಿಲ್ಲ. ನಲ್ಲಿ, ಪ್ಲಾಟ್‌ಫಾರ್ಮ್ ದೂರನ್ನು ಹುಬ್ಬಳ್ಳಿಯ ವಿಭಾಗೀಯ ಕಚೇರಿಗೇ ಕೊಡಿ. ಸಮಿತಿ ನೋಡುವುದು ಇಲಾಖೆಯ ಅನುದಾನ ಬೇಡಿಕೆ (ವರ್ಷದ ಖರ್ಚಿಗೆ ಕೇಳುವ ಹಣ), ಮಸೂದೆ, ವಾರ್ಷಿಕ ವರದಿಗಳನ್ನು. ಹೊಸ ಮಾರ್ಗಗಳಿಗೆ ಇಟ್ಟ ಹಣ ಖರ್ಚಾಗದೆ ಏಕೆ ಉಳಿಯಿತು ಎಂಬಂಥ ಪ್ರಶ್ನೆ ಅಲ್ಲಿಗೆ ತಕ್ಕದ್ದು. ಸಮಿತಿ ಜಾಹೀರಾತು ಕೊಟ್ಟು ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಮನವಿ ಕಳಿಸಿ. ಕಳಿಸಿದ ಮೇಲೆ ಅದು ಸಮಿತಿಯ ಗೋಪ್ಯ ದಾಖಲೆ. ಅದರ ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟರೆ ಹಕ್ಕುಚ್ಯುತಿ (ಸದನದ ವಿಶೇಷ ಹಕ್ಕು ಮುರಿದ ಆರೋಪ) ನಿಮ್ಮ ಮೇಲೇ ಬಂದೀತು.