ತಲಪಾಡಿ ದಾಟಿದ ಮೇಲೆ ಕರೆಂಟು ಬಿಲ್ಲು

ಕಾಸರಗೋಡಿನ ಕನ್ನಡಿಗರಿಗೂ ಗೃಹಜ್ಯೋತಿ ಉಂಟಾ ಎಂದು ಕೇಳಿದ್ದೀರಿ. ಇಲ್ಲ. ಮನೆಮಾತು ಕನ್ನಡ, ತುಳು ಯಾವುದಿದ್ದರೂ 1956ರಿಂದ ನಾವು ಕೇರಳದ ಲೆಕ್ಕಕ್ಕೆ. ಗಡಿಯ ತಲಪಾಡಿಯಿಂದಾಚೆ, ಕರ್ನಾಟಕದ ತೊಕ್ಕೊಟ್ಟಿನಲ್ಲಿರುವ ನನ್ನ ಅಕ್ಕನಿಗೆ 2023ರ ಆಗಸ್ಟಿನಿಂದ ಸೊನ್ನೆ ಬಿಲ್ಲು. ಬದಿಯಡ್ಕದ ಹತ್ತಿರ ಇರುವ ನಮಗೆ ಎರಡು ತಿಂಗಳಿಗೊಮ್ಮೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ ಬಿಲ್ಲು, ಪೂರ್ತಿ ಕಟ್ಟಬೇಕು.

ಹಾಗೆಂದು ಕೇರಳ ಸರಕಾರ ನಮ್ಮನ್ನು ಕೈಬಿಟ್ಟಿಲ್ಲ. ಇಲ್ಲಿ ಸಹಾಯ ಹೆಚ್ಚಾಗಿ ಬರುವುದು ಕರೆಂಟು ಉಳಿಸುವ ಸಾಮಾನಿನ ರೂಪದಲ್ಲಿ. ಕರೆಂಟು ತಿನ್ನುವ ಹಳೇ ತಂತಿ ಬಲ್ಬುಗಳನ್ನು ಬಿಡಿಸುವ ‘ಫಿಲಮೆಂಟ್ ರಹಿತ ಕೇರಳ’ ಯೋಜನೆಯಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 65 ರೂಪಾಯಿಗೆ ಸಿಕ್ಕಿತು; ದುಡ್ಡನ್ನು ಬಿಲ್ಲಿನ ಜೊತೆ ಕಂತಿನಲ್ಲಿ ಕಟ್ಟಬಹುದಿತ್ತು, ಹಳೇ ಬಲ್ಬನ್ನು ಅವರೇ ಹಿಂದೆ ತೆಗೆದುಕೊಂಡರು. ದೇಶದ ಮೊದಲ ಫಿಲಮೆಂಟ್ ರಹಿತ ಪಂಚಾಯತು ನಮ್ಮದೇ ಜಿಲ್ಲೆಯ ಪೀಲಿಕ್ಕೋಡು. ನನಗೆ ಅದು ಈಗಲೂ ಹೆಮ್ಮೆ. ಬೀದಿದೀಪಗಳಿಗೆ ಎಲ್‌ಇಡಿ ಹಾಕುವ ‘ನಿಲಾವ್’ ಯೋಜನೆ ಬಂತು. ಅಂಗನವಾಡಿಗಳಲ್ಲಿ ಗ್ಯಾಸಿನ ಬದಲು ಕರೆಂಟಿನ ಒಲೆ ಕೊಡುವ ‘ಅಂಗನಜ್ಯೋತಿ’ ಕೂಡ ಇದೆ.

ಉಳಿಸಲು ನಮಗೆ ಇನ್ನೊಂದು ಕಾರಣ ಬಿಲ್ಲಿನಲ್ಲೇ ಇದೆ. ಎರಡು ತಿಂಗಳಿಗೆ 500 ಯೂನಿಟಿನೊಳಗಿದ್ದರೆ ದರ ಹಂತ ಹಂತವಾಗಿ ಏರುತ್ತದೆ. ಅದನ್ನು ದಾಟಿದರೆ ಮೊದಲನೇ ಯೂನಿಟಿನಿಂದಲೇ ಹೆಚ್ಚಿನ ದರ. ಏಪ್ರಿಲಿನ ಸೆಖೆಗೆ ರಜೆಯಲ್ಲಿ ಮಕ್ಕಳು ಮೊಮ್ಮಕ್ಕಳು ಬಂದು ಸೇರಿದಾಗ ಅಮ್ಮ ದಿನಾ ಸಂಜೆ ಜಗಲಿಯ ಮೀಟರು ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತಾರೆ.

ಈಗ ಎಲ್ಲರ ಬಾಯಲ್ಲಿರುವುದು 2024ರಲ್ಲಿ ಶುರುವಾದ, ಮನೆಯ ಮೇಲೆ ಸೋಲಾರ್ ಹಾಕಿಸಲು ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್. ಕೇಂದ್ರದ ಯೋಜನೆಯಾದ್ದರಿಂದ ಗಡಿಯ ಎರಡೂ ಕಡೆ ಒಂದೇ ಲೆಕ್ಕ: 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ. ಪ್ಯಾನಲು ಕೂರಿಸಿ, ಲೈನಿಗೆ ಕೊಟ್ಟ ಕರೆಂಟನ್ನೂ ತೆಗೆದುಕೊಂಡದ್ದನ್ನೂ ಲೆಕ್ಕ ಹಾಕುವ ನೆಟ್ ಮೀಟರು ಹಾಕಿ, ಪರಿಶೀಲನೆ ಆದ ಮೇಲೆ ದುಡ್ಡು ಖಾತೆಗೆ ಬರುತ್ತದೆ. ಅಲ್ಲಿಯ ತನಕ ಕೈಯಿಂದ ಹಾಕಬೇಕು, ಇಲ್ಲವೇ ಬ್ಯಾಂಕಿನ ಸಾಲ ಮಾಡಬೇಕು.

ನಮ್ಮಲ್ಲಿ ತೊಡಕಾಗುವುದು ಸಬ್ಸಿಡಿಯಿಂದಾಚೆಗಿನ ಸಂಗತಿಗಳು. ಹಂಚಿನ ಮಾಡು, ಸುತ್ತ ತೆಂಗು, ಅಡಿಕೆ. ಮೂರು ಗಂಟೆಗೇ ನೆರಳು ಬೀಳುತ್ತದೆ. ತಾರಸಿ ಇದ್ದವರಿಗೆ ಅಡಿಕೆ ಒಣಗಿಸಲು ಅದೇ ಜಾಗ ಬೇಕು, ಹಾಗಾಗಿ ಕಬ್ಬಿಣದ ಕಾಲು ಎತ್ತರಿಸಿ ಪ್ಯಾನಲು ಇಡುತ್ತಾರೆ, ಅದರ ಖರ್ಚು ಬೇರೆ. ಬ್ಯಾಟರಿ ಇಲ್ಲದ ಸೋಲಾರಾದರೆ ಲೈನಿನಲ್ಲಿ ಕರೆಂಟು ಹೋದಾಗ ಮನೆಯಲ್ಲೂ ಹೋಗುತ್ತದೆ. ಲೈನಿನಲ್ಲಿ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದೆಂದೇ ಆ ವ್ಯವಸ್ಥೆ. ಆಟಿಯ ಮಳೆಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಇದನ್ನು ಮೊದಲೇ ಹೇಳಬೇಕು. ನಮ್ಮ ಚಿಕ್ಕಪ್ಪನಿಗೆ ಯಾರೂ ಹೇಳಿರಲಿಲ್ಲ. ಮೇಲೆ ಪ್ಯಾನಲು, ಕೆಳಗೆ ಚಿಮಿಣಿ ದೀಪ, ಪಾಪ ಬಹಳ ನೊಂದುಕೊಂಡರು.

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರಿನದು. ಅರ್ಜಿ ಹಾಕುವವರ ಹೆಸರೂ ಬಿಲ್ಲಿನ ಹೆಸರೂ ಹೊಂದಬೇಕು. ಇಲ್ಲಿ ಎಷ್ಟೋ ಕುಟುಂಬದ ಮನೆಗಳಲ್ಲಿ ಕನೆಕ್ಷನ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅದನ್ನು ಬದಲಿಸಲು ಮುಂಬಯಿ, ದುಬೈಯಲ್ಲಿರುವ ಪಾಲುದಾರರೆಲ್ಲ ಒಪ್ಪಿಗೆ ಕೊಡಬೇಕು, ಕಾಗದಗಳೋ ಬಹುಪಾಲು ಮಲಯಾಳದಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರು ಓದಲಾಗದ ಕಾಗದಕ್ಕೆ ಸಹಿ ಹಾಕುವುದನ್ನು ನೋಡಿದರೆ ಸಂಕಟವಾಗುತ್ತದೆ.

ಎಣ್ಮಕಜೆಯಲ್ಲಿರುವ ನಿಮ್ಮ ಅಜ್ಜಿಮನೆಗೆ ಸೋಲಾರ್ ಹಾಕಿಸಬೇಕೆಂದಿರಲ್ಲ, ಬೆಲೆ ವಿಚಾರಿಸುವ ಮೊದಲು ಹಳೇ ಬಿಲ್ಲೊಂದನ್ನು ತರಿಸಿ ಹೆಸರು ಯಾರದೆಂದು ನೋಡಿ. ಮಲಯಾಳ ಓದಲು ಕಷ್ಟವಾದರೆ ಫೋಟೋ ಕಳಿಸಿ, ನಾನು ಓದಿ ಹೇಳುತ್ತೇನೆ.