ಹುತ್ತರಿ ರಾತ್ರಿ ಕೈ ಸುಟ್ಟರೆ ಕಾಫಿಪುಡಿ ಹಾಕಬಹುದಾ?

ಪ್ರಶ್ನೆ: ಸಿಸ್ಟರ್, ನಮ್ಮ ಕೊಡಗಿನ ಸುಗ್ಗಿ ಹಬ್ಬ, ಕಳೆದ ಹುತ್ತರಿಯಲ್ಲಿ ನನ್ನ ಎಂಟು ವರ್ಷದ ಮಗ ಆರಿದ ಸುರ್‌ಸುರ್‌ಬತ್ತಿ ಕಡ್ಡಿ ಹಿಡಿದು ಅಂಗೈ ಸುಟ್ಟುಕೊಂಡ. ಅತ್ತೆ ಕೂಡಲೇ ಕಾಫಿಪುಡಿ ಮೆತ್ತಿದರು. ನಾನು ಬೇಡ ಅಂದದ್ದಕ್ಕೆ ಅವರಿಗೆ ಇವತ್ತಿಗೂ ಮುನಿಸು. ಕದಿರು ಕೊಯ್ಯುವಾಗ ಕುಡುಗೋಲು ತಾಗಿದರೂ ನಮ್ಮಲ್ಲಿ ಇದೇ ಮದ್ದು. ಯಾರು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನೀವೇ ಸರಿ. ಆದರೆ ಅತ್ತೆಯ ಮೇಲೆ ಕೋಪ ಬೇಡ. ನನ್ನ ಅವ್ವನೂ ಅದನ್ನೇ ಮಾಡುತ್ತಿದ್ದರು. ತೋಟದ ಮನೆಯಲ್ಲಿ ಮೊದಲು ಕೈಗೆ ಸಿಗುವುದು ಆ ಡಬ್ಬಿಯೇ ಅಲ್ವಾ? ನಾನು ನರ್ಸ್ ಆದ ಮೊದಲ ವರ್ಷ ಒಂದು ಮಗುವಿನ ಪಾದಕ್ಕೆ ಒಣಗಿ ಹಿಡಿದಿದ್ದ ಕಾಫಿಪುಡಿ ತೆಗೆಯಬೇಕಾಯಿತು. ನೆನೆಸಿ ನೆನೆಸಿ ಮುಕ್ಕಾಲು ಗಂಟೆ ಹಿಡಿಯಿತು. ಮಗುವಿನ ಅಳು ಹೊರಗೆ ರಸ್ತೆಗೂ ಕೇಳುತ್ತಿತ್ತು. ಪುಡಿ ಮೆತ್ತಿದರೆ ಗಾಯ ಎಷ್ಟು ಆಳ ಅಂತ ಡಾಕ್ಟರಿಗೂ ಕಾಣುವುದಿಲ್ಲ, ಕೀವಾಗುವ ಭಯ ಬೇರೆ. ಟೂತ್‌ಪೇಸ್ಟ್, ಅರಿಶಿನ, ತುಪ್ಪಕ್ಕೂ ಇದೇ ಮಾತು.

ಬೇಕಾದ್ದು ನಲ್ಲಿ ನೀರು. ಹರಿಯುವ ನೀರಿನ ಕೆಳಗೆ ಪೂರ್ತಿ 20 ನಿಮಿಷ, ಗಡಿಯಾರ ನೋಡಿಕೊಂಡು. ಮೇಲೆ ತಣ್ಣಗಾದರೂ ಚರ್ಮದೊಳಗೆ ಬಿಸಿ ಉಳಿದಿರುತ್ತದೆ. ತಡವಾಯ್ತು ಅಂತ ಬಿಡಬೇಡಿ, ಸುಟ್ಟು 3 ಗಂಟೆಯೊಳಗೆ ನೀರು ಬಿಟ್ಟರೂ ಉಪಯೋಗವಿದೆ. ಹುತ್ತರಿ ಬರುವುದೇ ನವೆಂಬರ್-ಡಿಸೆಂಬರ್ ಚಳಿಯಲ್ಲಿ. ಕೈ ನೀರಿನಲ್ಲಿರಲಿ, ಮಗುವಿಗೆ ಕಂಬಳಿ ಹೊದೆಸಿ. ಐಸ್ ಬೇಡ. ಬಳೆ, ಉಂಗುರ, ಕೈದಾರ ಇದ್ದರೆ ಊದುವ ಮೊದಲೇ ತೆಗೆಯಿರಿ. ಗುಳ್ಳೆ ಒಡೆಯಬೇಡಿ, ಒಗೆದ ಹತ್ತಿಬಟ್ಟೆ ಸಡಿಲವಾಗಿ ಸುತ್ತಿ. ಅಂಗೈ, ಮುಖ, ಕೀಲು ಸುಟ್ಟರೆ ಚಿಕ್ಕ ಗಾಯವಾದರೂ ಡಾಕ್ಟರಿಗೆ ತೋರಿಸಬೇಕು. ಕಣ್ಣಿಗೆ ಕಿಡಿ ಹಾರಿದರೆ ಉಜ್ಜಬೇಡಿ, ಬೆಳಗಾಗಲಿ ಅಂತ ಕಾಯಲೂಬೇಡಿ.

ಕುಡುಗೋಲಿನ ಗಾಯಕ್ಕೆ ಶುಭ್ರ ಬಟ್ಟೆ ಬಿಗಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ, ಹತ್ತು ನಿಮಿಷ. ನಿಂತಿತಾ ಅಂತ ನಡುನಡುವೆ ಸುಮ್ನೆ ತೆರೆದು ನೋಡಿದರೆ ಮತ್ತೆ ಸುರಿಯುತ್ತದೆ. ಒತ್ತಿದರೂ ನಿಲ್ಲದಿದ್ದರೆ ಒತ್ತಿಕೊಂಡೇ ಆಸ್ಪತ್ರೆಗೆ ಹೊರಡಿ. ಗದ್ದೆಯ ಕೆಸರು ತಾಗಿದ ಗಾಯ. ಧನುರ್ವಾಯು ಚುಚ್ಚುಮದ್ದು (ಟಿಟಿ) ಹಾಕಿಸಿ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿಕೊಳ್ಳುವುದು ಒಳ್ಳೆಯದು.

ಇನ್ನು ಆ ಕಡ್ಡಿ. ಕೆಂಪು ಹೋದ ಮೇಲೂ ಅದು ಕಾದೇ ಇರುತ್ತದೆ. ನಮ್ಮ ಅಂಗಳದಲ್ಲಿ ಪಟಾಕಿ ಬಿಚ್ಚುವ ಮೊದಲೇ ಒಂದು ಬಕೆಟ್ ನೀರು ಇಡುತ್ತೇವೆ. ‘ಚುಂಯ್’ ಅನ್ನುವ ಸದ್ದು ಕೇಳಲಿಕ್ಕೆಂದೇ ಮಕ್ಕಳು ಓಡಿ ಬಂದು ಕಡ್ಡಿ ಅದ್ದುತ್ತಾರೆ. ಈ ಸಲ ಬಕೆಟ್ ಕಾಯುವ ಕೆಲಸ ಅತ್ತೆಗೇ ಕೊಡಿ.