ನಿದ್ದೆಗೆ ದಿನಾ ಎಣ್ಣೆಸ್ನಾನ ಬೇಡ, ಪಾದಕ್ಕೆ ಹಚ್ಚಿ ಸಾಕು

ಮಗಳು ಮದುವೆಯಾಗಿ ಹೋದಳು, ಹಿಂದೆಯೇ ಮಳೆ ಹಿಡಿಯಿತು, ರಾತ್ರಿ ನಿದ್ದೆಯಿಲ್ಲ, ಪಾದ ತಣ್ಣಗಿರುತ್ತದೆ, ದಿನಾ ಎಣ್ಣೆಸ್ನಾನ ಮಾಡಬಹುದಾ ಅಂತ ಕೇಳಿದ್ದೀರಿ. ಬೇಡ ಮೇಡಂ. ಈ ಥಂಡಿಯಲ್ಲಿ ದಿನಾ ತಲೆಗೆ ನೀರು ಹಾಕಿಕೊಂಡರೆ ಕಷ್ಟ.

ಮಲಗುವ ಮುಂಚೆ ಎರಡು ಚಮಚ ಎಳ್ಳೆಣ್ಣೆಯನ್ನು ಬಟ್ಟಲಿಗೆ ಹಾಕಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ. ಅಂಗಾಲು, ಹಿಮ್ಮಡಿಗೆ ನಿಧಾನವಾಗಿ ತಿಕ್ಕಿ. ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿಕೊಳ್ಳಿ, ಇಲ್ಲದಿದ್ದರೆ ನೆಲ ಜಾರುತ್ತದೆ. ಮೇಲೆ ಹಳೇ ಕಾಲುಚೀಲ. ಜ್ವರ, ಅಜೀರ್ಣ ಇದ್ದ ದಿನ ಹಚ್ಚಬೇಡಿ. ಸಕ್ಕರೆ ಕಾಯಿಲೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಒಂದು ಋತುವಿನ ಕೊನೆಯ 7 ದಿನ, ಮುಂದಿನದರ ಮೊದಲ 7 ದಿನ ಸೇರಿದರೆ ಋತುಸಂಧಿ. ಆಗ ಹಳೇ ಅಭ್ಯಾಸಗಳನ್ನು ಸ್ವಲ್ಪ ಸ್ವಲ್ಪವಾಗಿಯೇ ಬದಲಿಸಬೇಕು ಅನ್ನುತ್ತದೆ ಆಯುರ್ವೇದ. ಮನೆ ಖಾಲಿಯಾದಾಗಲೂ ಹಾಗೆಯೇ ಅಲ್ವಾ? ಮನಸ್ಸನ್ನು ಅವಸರಪಡಿಸಬೇಡಿ. ಮಳೆಗಾಲದಲ್ಲಿ ವಾತ ಜಾಸ್ತಿ, ಜೀರ್ಣಶಕ್ತಿ ಕಡಿಮೆ. ರಾತ್ರಿ ಮೊಸರು ಬಿಟ್ಟು, ಬಿಸಿ ಅನ್ನಕ್ಕೆ ಮೆಣಸಿನ ಸಾರು, ತುಪ್ಪ ಹಾಕಿಕೊಂಡು ಬೇಗ ಊಟ ಮಾಡಿ. ಮಗಳ ಜೊತೆ ಫೋನಿನಲ್ಲಿ ಮಾತಾಡುವುದನ್ನು ಸಂಜೆಯೇ ಇಟ್ಟುಕೊಳ್ಳಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ, ಊಟವೂ ಸೇರದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ.